ಅರ್ಧ ಕ್ಲಚ್ಚಿಗೋಸ್ಕರ ಇನ್ನೊಂದು ಮುದಿ ಟ್ರ್ಯಾಕ್ಟರ್

ನನ್ನ ಹತ್ರ ಇದ್ದಿದ್ದು 1951ರ ಫರ್ಗ್ಯೂಸನ್ ಟಿಇ20, ಪೆಟ್ರೋಲ್ ಇಂಜಿನ್ನಿಂದು, ಬೂದು ಬಣ್ಣ. ಕಣ್ಣಿಟ್ಟಿದ್ದು 1971ರ ಮ್ಯಾಸಿ ಫರ್ಗ್ಯೂಸನ್ 135 ಮೇಲೆ. ಎರಡೂ ವಯಸ್ಸಲ್ಲಿ ನನಗಿಂತ ದೊಡ್ಡವು. ಹಾಗಾಗಿ "ಹೊಸ ಟ್ರ್ಯಾಕ್ಟರ್ ನೋಡ್ತಿದೀನಿ" ಅಂತ ಮನೇಲಿ ಬಾಯಿಬಿಟ್ಟಾಗ ನನ್ನ ಹೆಂಡತಿ ನಕ್ಕಿದ್ದರಲ್ಲಿ ತಪ್ಪೇನಿಲ್ಲ, "ಅಜ್ಜನ್ನ ಕಳ್ಸಿ ಚಿಕ್ಕಜ್ಜನ್ನ ಕರ್ಕೊಂಡು ಬರ್ತೀರಾ" ಅಂದ್ಲು.

ಶುರುವಾಗಿದ್ದು ಹುಲ್ಲು ಹೊಡೆಯುವಾಗ. ನಮ್ಮ ಜಮೀನು ಒಂದು ಕಡೆ ಇಳಿಜಾರು, ಕೆಳಗೆ ನೀರು ಹರಿಯೋ ಹಳ್ಳ. ಹಿಂದೆ ಸ್ಲ್ಯಾಷರ್, ಅಂದ್ರೆ ಬ್ಲೇಡು ಸುತ್ತಿ ಹುಲ್ಲು ಕತ್ತರಿಸೋ ಯಂತ್ರ, ಕಟ್ಕೊಂಡು ಮೇಲಿಂದ ಕೆಳಗೆ ಬರ್ತಾ ಇದ್ದೆ, ತುದಿಗೆ ಬಂದಾಗ ಎಂದಿನಂಗೆ ಕ್ಲಚ್ ತುಳಿದೆ, ಗಾಡಿ ನಿಲ್ಲಲೇ ಇಲ್ಲ. ಕ್ಲಚ್ ಪೂರ್ತಿ ಒಳಗಿದೆ, ಟ್ರ್ಯಾಕ್ಟರ್ ಮಾತ್ರ ಮುಂದೆ ಹೋಗ್ತಾನೇ ಇದೆ, ಯಾರೋ ಹಿಂದಿಂದ ತಳ್ಳಿದಂಗೆ. ಎರಡೂ ಬ್ರೇಕ್ ಮೇಲೆ ನಿಂತ್ಕೊಂಡೆ ಅಂತಾನೇ ಹೇಳ್ಬೇಕು, ಮುಂದಿನ ಚಕ್ರ ಹಳ್ಳದ ಅಂಚಿನ ಮಣ್ಣನ್ನ ಉದುರಿಸಿ ನಿಂತ್ಕೊಳ್ತು.

ತಳ್ಳಿದ್ದು ಸ್ಲ್ಯಾಷರ್ರೇ. ಈ ಗಾಡಿಲಿ ಇರೋದು ಒಂದೇ ಕ್ಲಚ್, ಅದರ ಹಿಂದೆ ಗೇರ್ ಬಾಕ್ಸು, ಆ ಗೇರ್ ಬಾಕ್ಸಿಂದಾನೇ ಚಕ್ರಕ್ಕೂ ಓಟ, ಪಿಟಿಒಗೂ, ಅಂದ್ರೆ ಹಿಂದೆ ಕಟ್ಟಿದ ಯಂತ್ರನ ತಿರುಗಿಸೋ ಶಾಫ್ಟಿಗೂ, ಓಟ. ಕ್ಲಚ್ ತುಳಿದ್ರೆ ಇಂಜಿನ್ ಬಿಟ್ಕೊಳ್ಳುತ್ತೆ, ಆದ್ರೆ ಪಿಟಿಒ ಮತ್ತು ಚಕ್ರ ಒಂದಕ್ಕೊಂದು ಹಲ್ಲು ಕಚ್ಕೊಂಡೇ ಇರ್ತವೆ. ಸ್ಲ್ಯಾಷರಿನ ಭಾರದ ಬ್ಲೇಡು ಜೋರಾಗಿ ಸುತ್ತುತಾ ಇರುತ್ತಲ್ಲ, ಆ ಓಟ ಶಾಫ್ಟಲ್ಲಿ ಉಲ್ಟಾ ಬಂದು ಗೇರ್ ಬಾಕ್ಸ್ ಮೂಲಕ ಚಕ್ರನ ತಿರುಗಿಸುತ್ತೆ. ಇದು ಆ ಕಾಲದ ಒಂದೇ ಕ್ಲಚ್ಚಿನ ಟ್ರ್ಯಾಕ್ಟರ್‌ಗಳಿಗೆಲ್ಲ ಗೊತ್ತಿರೋ ವಿಷ್ಯ, ಫೋರ್ಡ್ 8ಎನ್‌ನೂ ಹಿಂಗೇ. ಅದಕ್ಕೆ ಮದ್ದೂ ಇದೆ, ಪಿಟಿಒ ಶಾಫ್ಟಿಗೆ ಹಾಕೋ ಓವರ್‌ರನ್ ಕಪ್ಲಿಂಗ್, ಸೈಕಲ್ಲಿನ ಫ್ರೀವ್ಹೀಲ್ ಥರ, ಇಂಜಿನ್ ಕಡೆಯಿಂದ ತಿರುಗಿಸಿದ್ರೆ ಹಿಡ್ಕೊಳ್ಳುತ್ತೆ, ಸ್ಲ್ಯಾಷರ್ ಕಡೆಯಿಂದ ತಿರುಗಿದ್ರೆ ಬಿಟ್ಕೊಳ್ಳುತ್ತೆ. ನಾನು ಹಾಕಿರ್ಲಿಲ್ಲ. ಓದಿದ್ದೆ, ನಾಳೆ ನಾಳೆ ಅಂತ ಮುಂದೂಡಿದ್ದೆ. ತಪ್ಪು ನನ್ನದೇ.

ಮಾರನೇ ವಾರಾನೇ ಹಾಕ್ದೆ, ತಳ್ಳೋದು ನಿಂತ್ಹೋಯ್ತು. ಅಲ್ಲಿಗೆ ಕಥೆ ಮುಗೀಬೇಕಿತ್ತು. ಮುಗೀಲಿಲ್ಲ, ಯಾಕಂದ್ರೆ ಆ ದಿನದಿಂದ ಕ್ಲಚ್ ತುಳಿದಾಗೆಲ್ಲ ಕಿವಿ ಹಿಂದಕ್ಕೇ ಹೋಗೋಕೆ ಶುರುವಾಯ್ತು, ಆಮೇಲೆ ಬೇರೆ ಕಿರಿಕಿರಿಗಳೂ ಕಣ್ಣಿಗೆ ಬಿದ್ವು. ದಟ್ಟ ಹುಲ್ಲು ಸಿಕ್ಕಿದಾಗ ಗಾಡಿ ನಿಲ್ಲಿಸಿ ಬ್ಲೇಡು ತಿರುಗಲಿ ಅಂದ್ರೆ ಆಗಲ್ಲ, ಕ್ಲಚ್ ತುಳಿದ್ರೆ ಬ್ಲೇಡಿಗೂ ಶಕ್ತಿ ಹೋಗಲ್ಲ, ಬಿಟ್ರೆ ಗಾಡಿ ಹೊರಡುತ್ತೆ. ಹಿಂದೆ ತಗೊಂಡು ಮತ್ತೆ ನುಗ್ಗಿಸ್ಬೇಕು. ಇರೋದು ನಾಲ್ಕೇ ಗೇರು, ಫಸ್ಟ್ ಗೇರೇ ಮನುಷ್ಯ ಬಿರುಸಾಗಿ ನಡೆದಷ್ಟು ಸ್ಪೀಡು, ದಟ್ಟ ಹುಲ್ಲಿಗೆ ಅದು ಜಾಸ್ತಿ. ಇನ್ನೊಂದು, ಹೈಡ್ರಾಲಿಕ್ ಪಂಪು ಓಡೋದೂ ಅದೇ ಪಿಟಿಒ ಶಾಫ್ಟಿಂದ, ಅಂದ್ರೆ ಪಿಟಿಒ ಲಿವರ್ ಹಾಕಿರ್ಬೇಕು, ಕ್ಲಚ್ ಬಿಟ್ಟಿರ್ಬೇಕು, ಆಗ ಮಾತ್ರ ಹಿಂದೆ ಕಟ್ಟಿದ್ದನ್ನ ಎತ್ತೋ ಲಿಫ್ಟ್ ಮೇಲೇಳೋದು. ಕ್ಲಚ್ ತುಳ್ಕೊಂಡು ಲಿಫ್ಟ್ ಲಿವರ್ ಎತ್ತಿ "ಯಾಕೆ ಏಳ್ತಿಲ್ಲ" ಅಂತ ತಿರುಗಿ ನೋಡೋದು, ಇಷ್ಟು ವರ್ಷ ಆದ್ರೂ ನನಗೆ ಬಿಟ್ಟಿಲ್ಲ.

ಆದ್ರೂ ಆ ಗಾಡಿ ಬಗ್ಗೆ ಕೆಟ್ಟದ್ದು ಮಾತಾಡೋಕೆ ಮನಸ್ಸು ಬರಲ್ಲ. 1946ರಿಂದ 1956ರ ತನಕ ಐದು ಲಕ್ಷಕ್ಕೂ ಹೆಚ್ಚು ಮಾಡಿದಾರೆ ಇದನ್ನ, ಇವತ್ತು ಹೆಚ್ಚುಕಮ್ಮಿ ಪ್ರತಿಯೊಂದು ಟ್ರ್ಯಾಕ್ಟರ್ ಹಿಂದೆ ಇರೋ ಮೂರು ಕೊಂಡಿಯ ಲಿಂಕೇಜು, ನೇಗಿಲು ಆಳಕ್ಕೆ ಸಿಕ್ಕಿ ಎಳೆತ ಜಾಸ್ತಿ ಆದ್ರೆ ತಾನಾಗೇ ಸ್ವಲ್ಪ ಎತ್ಕೊಳ್ಳೋ ಡ್ರಾಫ್ಟ್ ಕಂಟ್ರೋಲು, ಇದನ್ನೆಲ್ಲ ಹ್ಯಾರಿ ಫರ್ಗ್ಯೂಸನ್ ಈ ಪುಟ್ಟ ಗಾಡಿಲೇ ಮನೆಮನೆಗೆ ತಲುಪಿಸಿದ್ದು. ಎಡ್ಮಂಡ್ ಹಿಲರಿ 1958ರ ಜನವರಿ 4ಕ್ಕೆ ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಟಿಇ20ಗಳ ಚಕ್ರಕ್ಕೆ ಯುದ್ಧ ಟ್ಯಾಂಕಿನ ಥರ ಪಟ್ಟಿ ಸುತ್ತಿಸ್ಕೊಂಡು. ಧ್ರುವಕ್ಕೆ ಹೋದ ಗಾಡಿಗೆ ನನ್ನ ಹಳ್ಳದ ಅಂಚಲ್ಲಿ ಕೆಟ್ಟ ಹೆಸರು ಯಾಕೆ. ಮತ್ತೆ ಸ್ಟಾರ್ಟ್ ಮಾಡೋ ರೀತಿ, ಗೇರ್ ಲಿವರ್ರನ್ನೇ ಎಸ್ ಅಂತ ಬರೆದಿರೋ ಕಡೆ ತಳ್ಳಿದ್ರೆ ಸೆಲ್ಫ್ ಹೊಡೆಯುತ್ತೆ. ಅಂದ್ರೆ ಗೇರಲ್ಲಿ ಇದ್ದಾಗ ಸ್ಟಾರ್ಟ್ ಆಗೋ ಪ್ರಶ್ನೆನೇ ಇಲ್ಲ. 1940ರ ದಶಕದಲ್ಲಿ ಇಷ್ಟು ಸರಳವಾಗಿ ಯೋಚಿಸಿದ್ರಲ್ಲ ಅಂತ ಪ್ರತಿ ಸಲ ಅನ್ಸುತ್ತೆ.

ಆಸೆಗೆ ಬಿದ್ದು ದುಡ್ಡು ಕಳ್ಕೊಳ್ಳೋ ಜಾತಿ ನಂದು, ಅದಕ್ಕೆ ಈ ಸಲ ಒಂದು ಕೆಲಸ ಮಾಡ್ದೆ. ಟೂಲ್ ಬಾಕ್ಸಲ್ಲಿ ಒಂದು ಪುಸ್ತಕ ಇಟ್ಟು, ಟ್ರ್ಯಾಕ್ಟರನ್ನ ಬೈದಾಗೆಲ್ಲ ಯಾಕೆ ಬೈದೆ ಅಂತ ಒಂದು ಸಾಲು ಬರೆದೆ, ಎರಡು ತಿಂಗಳು. ಕೊನೆಗೆ ಓದಿದ್ರೆ ನಾಚಿಕೆ ಆಯ್ತು. ಬಿಸಿ ಆದ್ಮೇಲೆ ಮಿಸ್ ಹೊಡೀತು, ಅದು ಡಿಸ್ಟ್ರಿಬ್ಯೂಟರ್ ಪಾಯಿಂಟ್ ಸವೆದಿದ್ದು, ನಾನು ಬದಲಾಯಿಸದೇ ಇದ್ದಿದ್ದು. ಪೆಟ್ರೋಲ್ ಕಟ್ಟಿಕೊಳ್ತು, ಟ್ಯಾಂಕೊಳಗಿನ ತುಕ್ಕು, ನಾನು ತೊಳೀದೇ ಇದ್ದಿದ್ದು. ಸ್ಟೀರಿಂಗ್ ಕಾಲು ಸುತ್ತು ಸುಮ್ಮನೆ ತಿರುಗುತ್ತೆ, ಬುಷ್ ಹಾಕಿಸಿದ್ರೆ ಸರಿ. ಬ್ಯಾಟರಿ ಡೌನು, ಅದಂತೂ ನಾನೇ. ಪುಸ್ತಕದಲ್ಲಿ ಮುಕ್ಕಾಲು ಪಾಲು ಬೈಗುಳ ಟ್ರ್ಯಾಕ್ಟರ್ ಬದಲಾಯಿಸಿದ್ರೆ ಹೋಗೋದೇ ಅಲ್ಲ, ಹೊಸದಕ್ಕೂ ನನ್ನ ಜೊತೆಗೇ ಬರೋವು. ಎಷ್ಟೇ ರಿಪೇರಿ ಮಾಡಿದ್ರೂ ಹೋಗದೇ ಇರೋದು ಅಂತ ಉಳ್ಕೊಂಡಿದ್ದು ಎರಡೇ, ಕ್ಲಚ್ಚು ಮತ್ತು ಗೇರು. ಪವರ್ ಸಾಲಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದೆ, 28 ಎಚ್‌ಪಿ ಆಸುಪಾಸಿನ ಗಾಡಿ ಬಿಟ್ಟು 45ರ ಆಸುಪಾಸಿಗೆ ಹೋಗ್ಬೇಕು ಅಂತ, ಆದ್ರೆ ಆ ಪುಸ್ತಕದಲ್ಲಿ ಪವರ್ ಬಗ್ಗೆ ಒಂದೇ ಸಾಲು ಇತ್ತು, ಅದೂ ಮಳೆ ಬಂದ ದಿನ ಟೈರ್ ಜಾರಿದ್ದಕ್ಕೆ.

ಹಂಗಾಗಿ ಹುಡುಕಬೇಕಾಗಿದ್ದು ಡ್ಯುಯಲ್ ಕ್ಲಚ್ ಇರೋ ಗಾಡಿ. ಪೆಡಲ್ ಅರ್ಧ ತುಳಿದ್ರೆ ಚಕ್ರ ನಿಲ್ಲುತ್ತೆ, ಪಿಟಿಒ ಓಡ್ತಾ ಇರುತ್ತೆ, ಲಿಫ್ಟೂ ಕೆಲಸ ಮಾಡುತ್ತೆ, ಪೂರ್ತಿ ತುಳಿದ್ರೆ ಪಿಟಿಒನೂ ನಿಲ್ಲುತ್ತೆ. ಮ್ಯಾಸಿ 35ರಲ್ಲೂ ಇದು ಬರುತ್ತೆ, ಆದ್ರೆ ಒಂದೇ ಕ್ಲಚ್ಚಿನ 35ಗಳೂ ಬೇಕಾದಷ್ಟಿವೆ, ಹೊರಗಿಂದ ನೋಡಿದ್ರೆ ಎರಡೂ ಒಂದೇ. 135 ಬಂದಿದ್ದು 1964ರ ಕೊನೇಲಿ, ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್, ಆರು ಗೇರು, ಫಸ್ಟ್ ಗೇರು ಆಮೆ ನಡಿಗೆ. ಸ್ಪೇರ್ ಪಾರ್ಟ್ಸ್ ಇನ್ನೂ ಸುಲಭವಾಗಿ ಸಿಗುತ್ತೆ, ಈ ವಯಸ್ಸಿನ ಗಾಡಿಗೆ ಅದು ದೊಡ್ಡ ಮಾತು.

ಮೊದಲು ನೋಡಿದ 135 ನನಗೆ ಭಾರೀ ಇಷ್ಟ ಆಯ್ತು. ಇಂಜಿನ್ ಗಡಿಯಾರದಂಗೆ ಓಡ್ತಿತ್ತು, ಟೈರ್ ಚೆನ್ನಾಗಿದ್ವು, ಮಾರೋರೂ ಸಂಭಾವಿತರು. ಡ್ಯಾಶ್ ಬೋರ್ಡಲ್ಲಿ ಮಲ್ಟಿಪವರ್ ಸ್ವಿಚ್ ಇತ್ತು. ಅಂದ್ರೆ ಓಡ್ತಾ ಇರುವಾಗಲೇ ಕ್ಲಚ್ ತುಳೀದೇ ಪ್ರತಿ ಗೇರಲ್ಲೂ ಹೈ-ಲೋ ಬದಲಾಯಿಸ್ಬಹುದು, ಆರಕ್ಕೆ ಹನ್ನೆರಡು ಗೇರ್ ಆದಂಗೆ. ನಾನು ಮಗು ಥರ ಆಡ್ತಿದ್ದೆ ಅದರ ಜೊತೆ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಅಣ್ಣ ಮಾತ್ರ ಒಂದೇ ಪ್ರಶ್ನೆ ಕೇಳಿದ್ರು, "ನಿಮ್ದು ಇಳಿಜಾರು ಜಮೀನಲ್ವಾ?"

ಮಲ್ಟಿಪವರ್ ಲೋದಲ್ಲಿ ಇದ್ದಾಗ ಗಾಡಿಗೆ ಇಂಜಿನ್ ಬ್ರೇಕ್ ಇರಲ್ಲ. ಇಂಜಿನ್ ಚಕ್ರನ ಎಳೀಬಹುದು, ಆದ್ರೆ ಇಳಿಜಾರಲ್ಲಿ ಚಕ್ರ ಇಂಜಿನ್ನಿಗಿಂತ ಜೋರಾಗಿ ಓಡೋಕೆ ಹೊರಟ್ರೆ ಇಂಜಿನ್ ಹಿಡಿಯಲ್ಲ, ನ್ಯೂಟ್ರಲ್ಲಲ್ಲಿ ಬಿಟ್ಟಂಗೆ ಜಾರುತ್ತೆ. ಮಾರೋರ ಜಮೀನು ಹಲಗೆ ಥರ ಸಮತಟ್ಟು, ಇಷ್ಟು ವರ್ಷದಲ್ಲಿ ಅವರಿಗೆ ಇದರ ಅನುಭವಾನೇ ಆಗಿರ್ಲಿಲ್ಲ. ಅಲ್ಲೇ ರಸ್ತೆ ಪಕ್ಕದ ಸಣ್ಣ ಇಳಿಜಾರಲ್ಲಿ ಮೆಲ್ಲಗೆ ಬಿಟ್ಟು ನೋಡಿದ್ವಿ, ಸರಿಯಾಗಿ ಹಂಗೇ, ಸುಯ್ಯಂತ ಹೋಯ್ತು. ಹೈಗೆ ಹಾಕಿದ್ರೆ ಹಿಡ್ಕೊಳ್ಳುತ್ತೆ, ಅದು ಗೊತ್ತಿದ್ದು ಓಡಿಸೋರಿಗೆ ಏನೂ ತೊಂದ್ರೆ ಇಲ್ಲ. ಆದ್ರೆ ನಾನು ಟ್ರ್ಯಾಕ್ಟರ್ ಬದಲಾಯಿಸೋಕೆ ಹೊರಟಿದ್ದೇ ಇಳಿಜಾರಲ್ಲಿ ನಿಲ್ಲದ ಗಾಡಿಗೆ ಹೆದರಿ, ಈಗ ದುಡ್ಡು ಕೊಟ್ಟು ಅದೇ ಹೆದರಿಕೆನ ಇನ್ನೊಂದು ರೂಪದಲ್ಲಿ ತಗೊಂಡು ಹೋಗೋದಾ? ಬೇಡ ಅಂದೆ. ವಾಪಸ್ ಬರ್ತಾ ದಾರಿಯುದ್ದಕ್ಕೂ ಹೊಟ್ಟೆ ಉರೀತಿತ್ತು, ಇಂಜಿನ್ ಅಷ್ಟು ಚೆನ್ನಾಗಿತ್ತು.

ಎರಡನೇದು ಮಾಮೂಲಿ ಆರು ಗೇರಿನದು, 1971ರದ್ದು. ನೋಡೋಕೆ ಏನೂ ಇಲ್ಲ, ಬಾನೆಟ್ಟಿನ ಕೆಂಪು ಬಿಸಿಲಿಗೆ ಬಿಳಚಿ ಹೋಗಿದೆ, ಒಂದು ಮಡ್‌ಗಾರ್ಡ್ ಸೊಟ್ಟ, ಮೀಟರ್ ಯಾವ ಕಾಲದಲ್ಲೋ ನಿಂತಿದೆ. ಹೋಗೋ ಮುಂಚೆ ಫೋನಲ್ಲಿ ಒಂದೇ ಬೇಡಿಕೆ ಇಟ್ಟಿದ್ದೆ, ನಾವು ಬರೋ ತನಕ ದಯವಿಟ್ಟು ಸ್ಟಾರ್ಟ್ ಮಾಡ್ಬೇಡಿ ಅಂತ. ಮುಂಚೆನೇ ಓಡಿಸಿ ಬಿಸಿ ಮಾಡಿಟ್ಟ ಡೀಸೆಲ್ ಇಂಜಿನ್ ತನ್ನ ಕಾಯಿಲೆ ಹೇಳಲ್ಲ. ಹೋದ ತಕ್ಷಣ ಅಣ್ಣ ಇಂಜಿನ್ ಮೇಲೆ ಅಂಗೈ ಇಟ್ಟು ನೋಡಿದ್ರು, ತಣ್ಣಗಿತ್ತು. ಮಾರೋರು ನಕ್ಕರು, ಬೇಜಾರು ಮಾಡ್ಕೊಳ್ಲಿಲ್ಲ.

ಸೆಲ್ಫ್ ಹೊಡೆದ್ರೆ ನಾಲ್ಕೈದು ಸುತ್ತಿಗೆ ಹತ್ಕೊಳ್ತು, ಸ್ವಲ್ಪ ಬಿಳಿ ಹೊಗೆ ಬಂದು ಅರ್ಧ ನಿಮಿಷದಲ್ಲಿ ಹೋಯ್ತು. ಹೋಗ್ದೇ ಇದ್ರೆ ಯೋಚಿಸ್ಬೇಕಿತ್ತು. ಆಯಿಲ್ ಹಾಕೋ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್, ಅಂದ್ರೆ ಪಿಸ್ಟನ್ ದಾಟಿ ಕೆಳಗೆ ಸೋರೋ ಗಾಳಿ, ನೋಡಿದ್ವಿ, ಹಬೆ ಥರ ಸಣ್ಣಗೆ ಬರ್ತಿತ್ತು, ಬುಸ್ ಬುಸ್ ಅಂತ ಉಗೀತಿರ್ಲಿಲ್ಲ, ಈ ವಯಸ್ಸಿಗೆ ಓಕೆ. ಡಿಪ್‌ಸ್ಟಿಕ್ ಎಳೆದು ಅಣ್ಣ ಮೂಸಿ ನೋಡಿದ್ರು. ಡೀಸೆಲ್ ವಾಸನೆ ಬಂದು ಆಯಿಲ್ ಲೆವೆಲ್ಲೂ ಜಾಸ್ತಿ ಇದ್ರೆ ಫೀಡ್ ಪಂಪಿನ ಡಯಾಫ್ರಮ್ ಹರಿದು ಡೀಸೆಲ್ ಇಂಜಿನ್ ತಳದ ಆಯಿಲ್ ಸಂಪಿಗೆ ಇಳೀತಿದೆ ಅಂತ ಅರ್ಥವಂತೆ. ಇಲ್ಲಿ ಹಂಗೇನಿರ್ಲಿಲ್ಲ. ರೇಡಿಯೇಟರಲ್ಲಿ ಗುಳ್ಳೆ ಇಲ್ಲ. ಹಿಂದಿನ ಲಿಫ್ಟಿಗೆ ಭಾರದ ಕಲ್ಟಿವೇಟರ್ ಎತ್ತಿಸಿ ಇಂಜಿನ್ ಆಫ್ ಮಾಡಿ, ಮಾತಾಡ್ತಾ ಕಾಲು ಗಂಟೆ ನಿಂತ್ವಿ. ನಾಲ್ಕು ಬೆರಳಷ್ಟು ಇಳಿದಿತ್ತು. ಪರ್ವಾಗಿಲ್ಲ, ನನ್ನ ಹಳೇದು ಇಷ್ಟೊತ್ತಿಗೆ ನೆಲ ಮುಟ್ಟಿರೋದು. ಮುಂದಿನ ಆಕ್ಸಲ್ ಜಾಕ್ ಕೊಟ್ಟು ಎತ್ತಿ ಚಕ್ರ ಅಲ್ಲಾಡಿಸಿದ್ರೆ ಎಡಗಡೆ ಟಕ್ ಟಕ್ ಅಂತು, ಕಿಂಗ್ ಪಿನ್ ಬುಷ್ ಹೋಗಿದೆ, ಅದು ಚಿಲ್ಲರೆ ಕೆಲಸ.

ಕೊನೆಗೆ ಕ್ಲಚ್ಚು. ನಾನು ಬಂದಿದ್ದೇ ಅದಕ್ಕಲ್ವಾ. ಪಿಟಿಒ ಹಾಕಿ, ಗೇರ್ ಹಾಕಿ, ಪೆಡಲ್ ಅರ್ಧ ತುಳಿದೆ. ಚಕ್ರ ನಿಲ್ತು, ಹಿಂದೆ ಶಾಫ್ಟ್ ತಿರುಗ್ತಾನೇ ಇತ್ತು, ಆಹಾ ಅನ್ಸ್ತು. ಪೂರ್ತಿ ತುಳಿದೆ, ಶಾಫ್ಟ್ ತಿರುಗ್ತಾನೇ ಇದೆ. ಇನ್ನೂ ಒತ್ತಿದೆ, ಪೆಡಲ್ ಇನ್ನೆಲ್ಲಿಗೂ ಹೋಗಲ್ಲ, ಶಾಫ್ಟ್ ಆರಾಮಾಗಿ ತಿರುಗ್ತಿದೆ. ಪಿಟಿಒ ಲಿವರ್ ಬಿಡಿಸಿ ಮತ್ತೆ ಹಾಕೋಕೆ ಹೋದ್ರೆ ಗರ್‌ರ್ ಅಂತ ಹಲ್ಲು ಉಜ್ಜಿದ ಸದ್ದು. "ಅಡ್ಜಸ್ಟ್‌ಮೆಂಟ್ ಅಷ್ಟೇ, ಎರಡು ನಟ್ಟು ತಿರುಗಿಸಿದ್ರೆ ಸರಿಹೋಗುತ್ತೆ" ಅಂದ್ರು ಮಾರೋರು. ಇರ್ಬಹುದು, ಅದೂ ಸುಳ್ಳಲ್ಲ, ಡ್ಯುಯಲ್ ಕ್ಲಚ್ಚಲ್ಲಿ ಪಿಟಿಒ ಹಂತಕ್ಕೆ ಬೇರೇನೇ ಅಡ್ಜಸ್ಟ್‌ಮೆಂಟ್ ಇದೆ. ಅಣ್ಣ ಕ್ಲಚ್ ಹೌಸಿಂಗಿನ ಚಿಕ್ಕ ಮುಚ್ಚಳ ಬಿಚ್ಚಿಸಿ ಟಾರ್ಚ್ ಬಿಟ್ಟು ನೋಡಿ, ಬೆರಳು ಒಳಗೆ ಹಾಕಿ ಹೊರಗೆ ತಂದು ನನಗೆ ತೋರಿಸಿದ್ರು. ಕಪ್ಪಗೆ ಎಣ್ಣೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಸೋರ್ತಿದೆ, ಕ್ಲಚ್ ಒದ್ದೆ ಆಗಿದೆ, ಇದು ನಟ್ಟು ತಿರುಗಿಸಿದ್ರೆ ಹೋಗೋದಲ್ಲ.

ಇದರ ಅರ್ಥ ಏನು ಅಂದ್ರೆ ಟ್ರ್ಯಾಕ್ಟರನ್ನ ಎರಡು ಹೋಳು ಮಾಡ್ಬೇಕು. ಇವಕ್ಕೆ ಲಾರಿ ಥರ ಚಾಸಿ ಇರಲ್ಲ, ಇಂಜಿನ್ನು ಗೇರ್ ಬಾಕ್ಸು ಒಂದಕ್ಕೊಂದು ಬೋಲ್ಟ್ ಆಗಿರೋದೇ ಬೆನ್ನುಮೂಳೆ. ಕ್ಲಚ್ ನೋಡ್ಬೇಕಂದ್ರೆ ಆ ಮೂಳೆನೇ ಬಿಡಿಸ್ಬೇಕು, ಮುಂದಿನ ಆಕ್ಸಲ್ಲಿಗೆ ಎರಡೂ ಕಡೆ ಮರದ ಬೆಣೆ ಹೊಡೀಬೇಕು, ಇಲ್ಲಾಂದ್ರೆ ಇಂಜಿನ್ ಅರ್ಧ ನಡುವಿನ ಪಿನ್ ಮೇಲೆ ಹಂಗೇ ಪಕ್ಕಕ್ಕೆ ಮಗುಚ್ಕೊಳ್ಳುತ್ತೆ. ಮಾಡ್ಬಾರದ ಕೆಲಸ ಏನಲ್ಲ, ಆದ್ರೆ ಎರಡು ಮೂರು ದಿನದ್ದು, ಬಿಚ್ಚಿದ್ಮೇಲೆ ಒಳಗಡೆ ಇನ್ನೇನು ಸಿಗುತ್ತೋ ಅದರ ಖರ್ಚು ಬೇರೆ.

ಅಲ್ಲಿಗೆ ನಾನು ಬೇಡ ಅಂತಾನೇ ತೀರ್ಮಾನಿಸಿದ್ದೆ. ಯಾವುದಕ್ಕೋಸ್ಕರ ದುಡ್ಡು ಕೊಡ್ತಿದೀನೋ ಅದೇ ಕೆಲಸ ಮಾಡಲ್ಲ ಅಂದ್ರೆ ಏನು ಲೆಕ್ಕ? ಹಳೇದನ್ನ ಮಾರಿದ್ರೆ ಇದರ ಮೂರನೇ ಒಂದು ಭಾಗ ಬರ್ಬಹುದು ಅಷ್ಟೇ. ಮನೆಗೆ ಬಂದು ಹಳೇದಕ್ಕೇ ಪಾಯಿಂಟ್ ಸೆಟ್ಟು, ಸ್ಟೀರಿಂಗ್ ಬುಷ್ಷು ಹಾಕಿಸಿದೆ, ಟ್ಯಾಂಕ್ ತೊಳೆಸಿದೆ. ಬೆಣ್ಣೆ ಥರ ಓಡೋಕೆ ಶುರು ಮಾಡ್ತು, ನೋಡಿದ್ದಕ್ಕೆಲ್ಲ ಸುಮ್ಮನೆ ಆಸೆ ಬಿದ್ದೆ ಅನ್ಕೊಂಡೆ.

ಒಂದಿನ ಮಗಳು ಬಂದು, "ಅಪ್ಪ, ಈ ವರ್ಷ ಹುಲ್ಲು ನಾನು ಹೊಡೀತೀನಿ" ಅಂದ್ಲು. ಓಡಿಸೋ ವಯಸ್ಸು ಆಗಿದೆ, ಕಲಿತಿದಾಳೆ, ನನಗಿಂತ ನಾಜೂಕಾಗಿ ಗೇರ್ ಹಾಕ್ತಾಳೆ. ಎಸ್‌ಗೆ ಲಿವರ್ ತಳ್ಳಿ ಸ್ಟಾರ್ಟ್ ಮಾಡೋದಂದ್ರೆ ಅವಳಿಗೆ ಪ್ರಾಣ. ಹೂಂ ಅನ್ನೋಕೆ ಬಾಯಿ ಬರ್ಲಿಲ್ಲ. ಅವಳನ್ನ ಆ ಸೀಟಲ್ಲಿ, ಆ ಇಳಿಜಾರಲ್ಲಿ ಕಲ್ಪಿಸ್ಕೊಂಡೆ, ತಲೆ ಮೇಲೆ ಏನೂ ಇಲ್ಲ. ಇಷ್ಟು ವರ್ಷ ನಾನೇ ಹಂಗೆ ಓಡಿಸಿದೀನಿ, ಒಂದು ದಿನಾನೂ ಅದು ನೆನಪಿಗೇ ಬಂದಿಲ್ಲ. ಎರಡು ತಿಂಗಳ ಬೈಗುಳ ಪುಸ್ತಕದಲ್ಲಿ ರೋಲ್ ಬಾರ್, ಅಂದ್ರೆ ಗಾಡಿ ಮಗುಚಿದ್ರೆ ಓಡಿಸೋರನ್ನ ಕಾಪಾಡೋ ಫ್ರೇಮು, ಅನ್ನೋ ಪದಾನೇ ಇಲ್ಲ, ಯಾಕಂದ್ರೆ ಅದು ಇಲ್ಲದೇ ಇರೋದು ಕಿರಿಕಿರಿ ಮಾಡಲ್ಲ, ಬೇಕಾಗೋ ದಿನದ ತನಕ.

ಹಗುರ ಗಾಡಿ, ಮುಂಭಾಗ ಇನ್ನೂ ಹಗುರ. ಇಳಿಜಾರಲ್ಲಿ ಅಡ್ಡ ಹೋದ್ರೆ ಪಕ್ಕಕ್ಕೆ ಮಗುಚುತ್ತೆ, ಭಾರನ ಡ್ರಾಬಾರ್ ಬಿಟ್ಟು ಮೇಲಕ್ಕೆ ಕಟ್ಟಿ ಎಳೆದ್ರೆ ಮುಂದಿನ ಚಕ್ರ ಎದ್ದು ಹಿಂದಕ್ಕೇ ಬೀಳುತ್ತೆ, ಹಾರ್ಕೊಳ್ಳೋಕೆ ಟೈಮೇ ಸಿಗಲ್ಲ. ಸ್ವೀಡನ್ನಲ್ಲಿ ಹೊಸ ಟ್ರ್ಯಾಕ್ಟರಿಗೆ ಈ ಫ್ರೇಮ್ ಕಡ್ಡಾಯ ಮಾಡಿದ್ದು 1959ರಲ್ಲಿ, ಬ್ರಿಟನ್ನಲ್ಲಿ 1970ರಲ್ಲಿ. ನಂದು ಅದಕ್ಕೆಲ್ಲ ಮುಂಚಿನದು. ಹಳೇ ಗಾಡಿಗೆ ಆಮೇಲೆ ಫ್ರೇಮ್ ಹಾಕಿಸ್ಬಹುದು, ಆದ್ರೆ ಆ ಮಾಡೆಲ್ಲಿಗೆ ಅಂತಾನೇ ಮಾಡಿ, ಟೆಸ್ಟ್ ಆಗಿರೋ ಫ್ರೇಮ್ ಆಗಿರ್ಬೇಕು, ವೆಲ್ಡಿಂಗ್ ಶಾಪಲ್ಲಿ ಪೈಪ್ ಬಗ್ಗಿಸಿ ನಿಲ್ಲಿಸಿದ್ದು ಗಾಡಿ ಮಗುಚಿದಾಗ ಮೊದಲು ಮುರಿಯೋದೇ ಅದು. ನನ್ನದಕ್ಕೆ ಹೊಂದೋ ಅಂಥದ್ದು ನನಗೆ ಸಿಗ್ಲಿಲ್ಲ. ಬಿಳಚಿದ 135ಗೆ ಇತ್ತು, ಆಕ್ಸಲ್ ಹೌಸಿಂಗಿಗೆ ಬೋಲ್ಟ್ ಆಗಿರೋ ಕಂಪನಿ ಫ್ರೇಮು, ಟೆಸ್ಟ್ ಆಗಿದೆ ಅನ್ನೋ ಪ್ಲೇಟ್ ಸಮೇತ. ಅವತ್ತು ಅದನ್ನ ಹಿಡ್ಕೊಂಡೇ ಸೀಟ್ ಹತ್ತಿದ್ದೆ, ನೋಡಿರ್ಲಿಲ್ಲ.

ಫೋನ್ ಮಾಡ್ದೆ. ಇನ್ನೂ ಮಾರಾಟ ಆಗಿರ್ಲಿಲ್ಲ, ಬಂದೋರೆಲ್ಲ ಪೇಂಟ್ ನೋಡಿ ವಾಪಸ್ ಹೋಗಿದ್ರು. ಚೌಕಾಸಿಲಿ ನಾನೇನೂ ಜಾಣತನ ಮಾಡ್ಲಿಲ್ಲ, ಇದ್ದಿದ್ದು ಇದ್ದಂಗೆ ಹೇಳ್ದೆ, ಕ್ಲಚ್ ಸೆಟ್ಟು, ಸೀಲು, ಕಿಂಗ್ ಪಿನ್ ಬುಷ್ಷು, ಮೂರು ದಿನದ ಕೂಲಿ, ಇಷ್ಟನ್ನ ಬೆಲೆಯಲ್ಲಿ ಕಳೀರಿ ಅಂತ. ಮುಚ್ಚಳ ಬಿಚ್ಚಿ ಎಣ್ಣೆ ನೋಡಿದ್ದು ಅವರ ಕಣ್ಣೆದುರೇ ಆಗಿದ್ರಿಂದ ವಾದ ಮಾಡೋಕೆ ಏನೂ ಇರ್ಲಿಲ್ಲ, ಸೀಲಿನ ಖರ್ಚು ಅರ್ಧ ಅರ್ಧ ಅಂತ ಮುಗೀತು.

ಹೋಳು ಮಾಡಿದ ದಿನ ಒಳಗೆ ನೋಡಿದ್ರೆ ಪ್ಲೇಟ್ ಎರಡೂ ಎಣ್ಣೆ ಕುಡಿದು ಕಪ್ಪಾಗಿ ಹೋಗಿದ್ವು, ಹಿಂದೆ ಯಾರೋ ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದ್ರು ಅನ್ಸುತ್ತೆ, ರಿಲೀಸ್ ಬೇರಿಂಗ್ ಸವೆದು ನೀಲಿ ಆಗಿತ್ತು. ಫ್ಲೈವ್ಹೀಲ್ ಮೇಲೂ ಗೆರೆ, ಅದನ್ನ ಲೇತಿಗೆ ಕೊಟ್ವಿ, ಅಂದಾಜಲ್ಲಿ ಇಲ್ಲದೇ ಇದ್ದ ಖರ್ಚು ಅದೊಂದೇ. ಮೂರು ದಿನ ಅಂದಿದ್ದು ಆರು ದಿನ ಆಯ್ತು, ಎರಡು ಹೋಳನ್ನ ಮತ್ತೆ ಕೂಡಿಸೋವಾಗ ಶಾಫ್ಟಿನ ಹಲ್ಲು ಹೊಂದ್ಸೋಕೇ ಒಂದು ಇಡೀ ಮಧ್ಯಾಹ್ನ ಹೋಯ್ತು, ಒಬ್ಬರು ಫ್ಲೈವ್ಹೀಲ್ ಕೂದಲೆಳೆಯಷ್ಟು ತಿರುಗಿಸ್ತಾ, ಇಬ್ಬರು ತಳ್ತಾ, ಮಗಳು ಟಾರ್ಚ್ ಹಿಡ್ಕೊಂಡು "ಇನ್ನೂ ಒಂದು ಬೆರಳು ಗ್ಯಾಪ್ ಇದೆ" ಅಂತ ಕೂಗ್ತಾ.

ಈಗ ಹುಲ್ಲು ಹೊಡೆಯೋದು ಅವಳೇ. ಮೊದಲನೇ ದಿನ ನಾನು ಹಳ್ಳದ ಪಕ್ಕದಲ್ಲೇ ನಿಂತಿದ್ದೆ. ಬೆಲ್ಟ್ ಹಾಕ್ಕೊಂಡಿದ್ಲು, ಅದು ನನ್ನ ಷರತ್ತು, ಬೆಲ್ಟ್ ಇಲ್ದೆ ಫ್ರೇಮ್ ಇದ್ರೆ ಮಗುಚಿದಾಗ ಅದರ ಕೆಳಗೇ ಬೀಳ್ತಾರೆ. ಎದೆಯೆತ್ತರದ ಹುಲ್ಲು ಸಿಕ್ಕಿದ ಕಡೆ ಗಾಡಿ ನಿಲ್ತು, ಬ್ಲೇಡು ಓಡ್ತಾನೇ ಇತ್ತು, ಹುಲ್ಲು ಹಾರಿ ಖಾಲಿ ಆದ್ಮೇಲೆ ಮತ್ತೆ ಮೆಲ್ಲಗೆ ಮುಂದೆ ಹೋಯ್ತು. ಫ್ರೇಮ್ ನೋಡ್ಬೇಕು ಅಂತ ನಿಂತಿದ್ದ ನಾನು ನೋಡಿದ್ದು ಮಾತ್ರ ಆ ಅರ್ಧ ಕ್ಲಚ್ಚನ್ನೇ, ಸುಳ್ಳು ಯಾಕೆ ಹೇಳ್ಲಿ.

ಬೂದು ಗಾಡಿ ಮಾರಿಲ್ಲ. ಮಾರ್ತೀನಿ ಅಂತ ಹೆಂಡತಿಗೆ ಮಾತು ಕೊಟ್ಟಿದೀನಿ, ಇಬ್ಬರು ಬಂದು ನೋಡ್ಕೊಂಡೂ ಹೋದ್ರು. ಸಮತಟ್ಟು ಜಾಗದಲ್ಲಿ ಸಣ್ಣ ಟ್ರೇಲರ್ ಎಳೆಯೋಕೆ ಈಗಲೂ ಅದನ್ನೇ ತೆಗೆಯೋದು, ಸಂಜೆ ಹೊತ್ತು ಮಗಳೂ ಕಾರಣ ಇಲ್ದೆ ಒಂದು ಸಲ ಎಸ್‌ಗೆ ತಳ್ಳಿ ಎರಡು ನಿಮಿಷ ಓಡಿಸಿ ಆಫ್ ಮಾಡ್ತಾಳೆ. ಬ್ಯಾಟರಿ ಡೌನ್ ಆಗ್ದಂಗೆ ಇರ್ಲಿ ಅಂತಂತೆ.